ತಣ್ಣೀರು ಇಳಿಜಾರಿನಲ್ಲಿ ಯಾಕೆ ಜಾರಿಹೋಗುವುದಿಲ್ಲ?

ಪ್ರಶ್ನೆ: ಗದಗಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಮೇಲೆ ಗಲ್ಫ್ ಸ್ಟ್ರೀಮಿನ ಬಿಸಿನೀರು ಉತ್ತರಕ್ಕೆ, ಆಳದಲ್ಲಿ ತಣ್ಣೀರು ದಕ್ಷಿಣಕ್ಕೆ ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಒಬ್ಬಳು ಎದ್ದು ನಿಂತು, "ಟೀಚರ್, ತಣ್ಣೀರು ಭಾರ ಇರ್ತೈತಲ್ರಿ? ಹಂಗಾರ ಇಳಿಜಾರಿನಾಗ ಜಾರಿ ತಳಕ್ಕ ಯಾಕ ಹೋಗಂಗಿಲ್ಲ? ಎರಡೂ ಅಡ್ಡ ಬಂದ್ರ ಏನಾಗ್ತೈತ್ರಿ?" ಎಂದಳು. ಏನು ಹೇಳಲಿ?

ಉತ್ತರ: ಮೊದಲು ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿರಿ. ಸಾಗರ ವಿಜ್ಞಾನಿಗಳು ವರ್ಷಗಟ್ಟಲೆ ತಲೆಕೆಡಿಸಿಕೊಂಡ ಪ್ರಶ್ನೆ ಅದು.

ಭಾರದ ನೀರು ಕೆಳಗೆ ಜಾರಲು ಹೊರಡುವುದು ನಿಜ. ಆದರೆ ಭೂಮಿ ತಿರುಗುತ್ತಿದೆ ಅಲ್ವಾ? ಅದರಿಂದಾಗಿ ಉತ್ತರಾರ್ಧಗೋಳದಲ್ಲಿ ಹರಿಯುವ ನೀರು ಬಲಕ್ಕೆ ಹೊರಳುತ್ತದೆ. ಇಳಿಯಲು ಹೊರಟ ನೀರು ಹೊರಳುತ್ತಾ ಹೋಗಿ, ಕೊನೆಗೆ ದಂಡೆಯನ್ನು ಬಲಗಡೆ ಇಟ್ಟುಕೊಂಡು ಇಳಿಜಾರಿನ ಉದ್ದಕ್ಕೇ ಸಾಗುತ್ತದೆ. ಕಪ್ಪತಗುಡ್ಡದಲ್ಲಿ ಕುರಿ ನಡೆದ ದಾರಿ ನೋಡಿರುತ್ತೀರಿ. ಏರದೆ ಇಳಿಯದೆ, ಒಂದೇ ಎತ್ತರದಲ್ಲಿ ಗುಡ್ಡ ಬಳಸಿ ಹೋಗುತ್ತದೆ. ಆಳದ ಪ್ರವಾಹದ್ದೂ ಅದೇ ನಡೆ.

ಇಂಥ ಪ್ರವಾಹ ಇರಲೇಬೇಕು ಎಂದು ಅಮೆರಿಕದ ಸಾಗರ ವಿಜ್ಞಾನಿ ಹೆನ್ರಿ ಸ್ಟಾಮೆಲ್ ಲೆಕ್ಕ ಹಾಕಿ ಹೇಳಿದ್ದರು. 1957ರಲ್ಲಿ ಅದು ಸಿಕ್ಕೇಬಿಟ್ಟಿತು. ಮೇಲೂ ಬರದೆ, ತಳಕ್ಕೂ ಹೋಗದೆ, ಒಂದೇ ಆಳದಲ್ಲಿ ತೇಲುತ್ತಾ ಸದ್ದು ಮಾಡುವ ಫ್ಲೋಟನ್ನು ಬ್ರಿಟನ್ನಿನ ಸಾಗರ ವಿಜ್ಞಾನಿ ಜಾನ್ ಸ್ವಾಲೋ ಅಲ್ಯೂಮಿನಿಯಂ ಕೊಳವೆಗಳಿಂದ ಮಾಡಿದ್ದರು. ಗಲ್ಫ್ ಸ್ಟ್ರೀಮಿನ ಅಡಿಯಲ್ಲಿ ಬಿಟ್ಟ ಆ ಫ್ಲೋಟುಗಳು ದಕ್ಷಿಣಕ್ಕೆ ಹೊರಟವು. ಹಡಗಿನಲ್ಲಿ ಕೂತು ಆ ಸದ್ದು ಕೇಳಿದವರ ಸಂತೋಷ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಅಡ್ಡ ಬರುವ ಮಾತು. ಅದು ನಡೆಯುವುದು ಅಮೆರಿಕದ ಪೂರ್ವ ಕರಾವಳಿಯ ಕೇಪ್ ಹ್ಯಾಟರಸ್ ಎಂಬ ಭೂಶಿರದ ಹತ್ತಿರ. ಅಲ್ಲಿ ಗಲ್ಫ್ ಸ್ಟ್ರೀಮ್ ದಂಡೆ ಬಿಟ್ಟು ಸಾಗರದ ಒಳಕ್ಕೆ ತಿರುಗುತ್ತದೆ. ಅದು ಉತ್ತರ ಅಟ್ಲಾಂಟಿಕ್ಕಿನ ಜೈರ್‌ನ, ಅಂದರೆ ಗಾಳಿ ತಿರುಗಿಸುವ ಸಾಗರದಗಲದ ಸುತ್ತಿನ, ಒಂದು ಅಂಚು. ಈ ಸುತ್ತಿನ ಒಳಗೆ ಬಿಸಿನೀರು ಜಮಾಯಿಸಿ ಬೋಗುಣಿಯಂತೆ ಕೆಳಕ್ಕೆ ಇಳಿದಿರುತ್ತದೆ. ಪ್ರವಾಹದ ದಂಡೆ ಕಡೆ ಬಿಸಿನೀರಿನ ದಪ್ಪ ಸುಮಾರು 200 ಮೀಟರ್, ಆಚೆ ಕಡೆ ಸುಮಾರು 800 ಮೀಟರ್.

ಇದನ್ನು ಕ್ಲಾಸಿನಲ್ಲೇ ತೋರಿಸಬಹುದು. ಒಂದು ನೋಟ್‌ಬುಕ್ಕಿನ ಒಂದು ಬದಿಗೆ ಡಸ್ಟರ್ ಕೊಟ್ಟು ಓರೆಯಾಗಿ ಇಡಿ. ಅದು ಸಮುದ್ರತಳ. ಅದರ ಮೇಲೆ ಚಾಕ್‌ಪೀಸ್ ನಿಲ್ಲಿಸಿ ಹಿಡಿಯಿರಿ. ಅದು ತಣ್ಣೀರಿನ ಕಂಬ. ಇನ್ನೊಂದು ನೋಟ್‌ಬುಕ್ ಚಾಕ್‌ಪೀಸಿನ ತಲೆಗೆ ತಾಗುವಂತೆ ಅಡ್ಡ ಹಿಡಿಯಿರಿ. ಅದು ಬಿಸಿನೀರಿನ ತಳ. ಈಗ ಮೇಲಿನ ನೋಟ್‌ಬುಕ್ ಸ್ವಲ್ಪ ಕೆಳಗಿಳಿಸಿ. ಚಾಕ್‌ಪೀಸ್ ಹಿಡಿಸುವುದಿಲ್ಲ! ಏನು ಮಾಡಬೇಕು ಅಂತ ಆ ಹುಡುಗಿಯನ್ನೇ ಕೇಳಿ. ಇಳಿಜಾರಿನಲ್ಲಿ ಕೆಳಕ್ಕೆ ಸರಿಸುತ್ತಾಳೆ.

ತಣ್ಣೀರೂ ಅದನ್ನೇ ಮಾಡುತ್ತದೆ. ಭೂಮಿಯ ಜೊತೆ ನೀರಿನ ಕಂಬವೂ ತಿರುಗುತ್ತಿರುತ್ತದೆ. ಅದು ಕುಗ್ಗಿ ಅಗಲವಾದರೆ ಅದರ ತಿರುಗುವ ವೇಗ ಕಡಿಮೆಯಾಗಬೇಕು, ತಿರುಗುವ ಕುರ್ಚಿಯಲ್ಲಿ ಕೂತು ಕೈ ಚಾಚಿದ ಹಾಗೆ. ಅದಾಗದೆ ಸಾಗಲು ಸುಲಭದ ದಾರಿ, ಉದ್ದವನ್ನು ಹಾಗೇ ಉಳಿಸಿಕೊಳ್ಳುವುದು. 3000 ಮೀಟರ್ ಆಳದ ತಳದ ಮೇಲೆ ಬಂದ ಕಂಬಕ್ಕೆ ಬಿಸಿನೀರಿನ ಕೆಳಗೆ 2800 ಮೀಟರ್ ಉದ್ದ. ಬಿಸಿನೀರು 800 ಮೀಟರಿಗೆ ಇಳಿದರೆ, ಅಷ್ಟೇ ಉದ್ದಕ್ಕೆ ತಳ 3600 ಮೀಟರ್ ಆಳದಲ್ಲಿರಬೇಕು. ಅಂದರೆ ಮೇಲಿನ ಜೈರ್ ಒತ್ತಿದ್ದಕ್ಕೆ ಆಳದ ಪ್ರವಾಹ ಇಳಿಜಾರಿನಲ್ಲಿ ಕೆಳಕ್ಕೆ ಸರಿಯುತ್ತದೆ. ಈ ಲೆಕ್ಕವನ್ನು ನೆಲ್ಸನ್ ಹಾಗ್ ಮತ್ತು ಸ್ಟಾಮೆಲ್ 1985ರಲ್ಲಿ ಬಿಡಿಸಿ ತೋರಿಸಿದರು.

ಆದರೆ ಎಲ್ಲ ತಣ್ಣೀರೂ ದಾಟುವುದಿಲ್ಲ. 1990ರ ದಶಕದಲ್ಲಿ ಸುಮಾರು 800 ಮೀಟರ್ ಆಳಕ್ಕೆ ಬಿಟ್ಟ ಫ್ಲೋಟುಗಳು ಗಲ್ಫ್ ಸ್ಟ್ರೀಮಿಗೆ ಸಿಕ್ಕಿ ಪೂರ್ವಕ್ಕೆ ಸಾಗಿಹೋದವು. 3000 ಮೀಟರಿನವುಗಳಲ್ಲಿ ಅನೇಕ ಅದರ ಅಡಿಯಲ್ಲೇ ನುಸುಳಿ ದಕ್ಷಿಣಕ್ಕೆ ಬಂದವು. ನಿಮ್ಮ ಬೋರ್ಡಿನ ಮೇಲೆ ಆಳದ ನೀರಿಗೆ ಒಂದೇ ಬಾಣ ಇದ್ದರೆ, ಹ್ಯಾಟರಸ್ ಹತ್ತಿರ ಅದಕ್ಕೊಂದು ಕವಲು ಸೇರಿಸಿರಿ.