ಬಕೆಟ್ ಹಿಡಿದು ಸುಮ್ನೆ ನಿಂತರೂ ಕೈ ಯಾಕೆ ಸೋಲುತ್ತದೆ?

ನೀವು ಕೇಳಿದ್ದು ಇಷ್ಟು. ನಲ್ಲಿ ಹತ್ತಿರ ತುಂಬಿದ ಬಕೆಟ್ ಹಿಡಿದು ನಿಂತಿದ್ದಿರಿ. ಕೈ ಸೋತು ನಡುಗತೊಡಗಿತು. ಪಕ್ಕದಲ್ಲಿದ್ದ ಪಿಯುಸಿ ಓದುವ ಮಗಳು, ‘ಅಮ್ಮಾ, ಬಕೆಟ್ ಅಲ್ಲಾಡಿಲ್ಲ, ಫಿಸಿಕ್ಸ್ ಪ್ರಕಾರ ನೀನು ಮಾಡಿದ ಕೆಲಸ ಸೊನ್ನೆ’ ಅಂದಳು. ಕೆಲಸವೇ ಆಗದಿದ್ದರೆ ಕೈ ಸೋತದ್ದು ಯಾಕೆ, ಅಷ್ಟಕ್ಕೂ ಸ್ನಾಯು ಬಲ ಹುಟ್ಟಿಸುವುದು ಹೇಗೆ ಅಂತ ನಿಮ್ಮ ಪ್ರಶ್ನೆ.

ನಾನು ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಪಾಠ ಮಾಡುತ್ತೇನೆ. ಸ್ನಾಯುವಿನ ಪಾಠ ಶುರು ಮಾಡುವುದೇ ಈ ಪ್ರಶ್ನೆಯಿಂದ. ಮಗಳು ಹೇಳಿದ್ದು ಸರಿ, ನಿಮ್ಮ ಕೈ ಹೇಳಿದ್ದೂ ಸರಿ. ಬಕೆಟ್ಟಿನ ಮೇಲೆ ಆದ ಕೆಲಸ ಸೊನ್ನೆ. ಆದರೆ ಸ್ನಾಯುವಿನ ಒಳಗೆ ಒಂದು ಗಳಿಗೆ ಬಿಡುವಿಲ್ಲದೆ ಕೆಲಸ ನಡೆದಿತ್ತು. ಅದೇ ಬಕೆಟ್ಟನ್ನು ಮೇಜಿನ ಮೇಲಿಡಿ. ಮೇಜು ದಿನವಿಡೀ ಹೊತ್ತುಕೊಂಡಿರುತ್ತದೆ, ಅದಕ್ಕೆ ಊಟ ಬೇಕಿಲ್ಲ. ಸ್ನಾಯುವಿಗೆ ಆ ಅನುಕೂಲ ಇಲ್ಲ. ಅದು ಬಲವನ್ನು ಕ್ಷಣಕ್ಷಣವೂ ಹೊಸದಾಗಿ ಹುಟ್ಟಿಸುತ್ತಲೇ ಇರಬೇಕು.

ಬಾವಿಯಿಂದ ನೀರು ಸೇದಿದ್ದೀರಾ? ರಾಟೆಯ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು ಎಳೆಯುತ್ತೀರಿ. ಇನ್ನೊಂದು ಕೈ ಮೇಲೆ ಚಾಚಿ ಹಗ್ಗ ಹಿಡಿಯುತ್ತದೆ, ಆಗ ಮೊದಲ ಕೈ ಬಿಡುತ್ತದೆ. ಹಿಡಿ, ಎಳೆ, ಬಿಡು, ಮತ್ತೆ ಹಿಡಿ. ಸ್ನಾಯುವಿನ ಗುಟ್ಟು ಇಷ್ಟೇ. ಅಲ್ಲಿ ಎರಡು ಕೈ ಇರುವ ಜಾಗದಲ್ಲಿ ಕೋಟಿಗಟ್ಟಲೆ ಕೈಗಳಿವೆ.

ಇದು ಗೊತ್ತಾಗಲು ಮನುಷ್ಯರಿಗೆ ತುಂಬಾ ಕಾಲ ಹಿಡಿಯಿತು. ನರದ ಮೂಲಕ ಏನೋ ಒಂದು ಹರಿದು ಬಂದು ಸ್ನಾಯುವನ್ನು ಬಲೂನಿನಂತೆ ಉಬ್ಬಿಸುತ್ತದೆ ಅಂತ ನಂಬಿದ್ದರು. ತೋಳು ಮಡಚಿದಾಗ ಉಬ್ಬುವುದು ಕಣ್ಣಿಗೆ ಕಾಣುತ್ತದಲ್ಲ! 17ನೇ ಶತಮಾನದಲ್ಲಿ ಹಾಲೆಂಡಿನ ಯಾನ್ ಸ್ವಾಮ್ಮರ್ಡಾಮ್ ಕಪ್ಪೆಯ ಸ್ನಾಯುವನ್ನು ಗಾಜಿನ ಕೊಳವೆಯೊಳಗಿಟ್ಟು ಮುಚ್ಚಿದ. ಕೊಳವೆಯ ಸಣ್ಣ ಬಾಯಲ್ಲಿ ಒಂದು ಹನಿ ನೀರು. ಸ್ನಾಯು ಉಬ್ಬಿದರೆ ಆ ಹನಿ ಮೇಲೇರಬೇಕಿತ್ತು. ಏರಲಿಲ್ಲ. ಅಂದರೆ ಸ್ನಾಯು ಗಿಡ್ಡವಾಗಿ ದಪ್ಪವಾಗುತ್ತದೆ, ಅದರ ಒಟ್ಟು ಗಾತ್ರ ಹಾಗೇ ಇರುತ್ತದೆ.

ನಿಜವಾದ ಉತ್ತರ ಸಿಕ್ಕಿದ್ದು 1954ರಲ್ಲಿ. ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗೆರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಇಬ್ಬರು ಹಕ್ಸ್‌ಲಿಗಳಿಗೂ ಸಂಬಂಧವಿಲ್ಲ. ಈ ಗೊಂದಲ ಪ್ರತಿ ವರ್ಷ ತರಗತಿಯಲ್ಲಿ ಬರುತ್ತದೆ, ಅದಕ್ಕೇ ಹೇಳಿದೆ. ಸೂಕ್ಷ್ಮದರ್ಶಕದಲ್ಲಿ ಸ್ನಾಯುವಿನ ಎಳೆ ನೋಡಿದರೆ ಅಡ್ಡಕ್ಕೆ ಕಪ್ಪು ಬಿಳಿ ಪಟ್ಟೆಗಳು ಕಾಣುತ್ತವೆ. ಸ್ನಾಯು ಕುಗ್ಗಿದಾಗ ಕಪ್ಪು ಪಟ್ಟೆಯ ಅಗಲ ಬದಲಾಗಲಿಲ್ಲ, ಬಿಳಿ ಪಟ್ಟೆ ಮಾತ್ರ ಕಿರಿದಾಯಿತು. ಇದನ್ನು ಎರಡೂ ಗುಂಪುಗಳು ಬೇರೆಬೇರೆಯಾಗಿ ಕಂಡವು. ಹಾಗಾದರೆ ಒಳಗಿನ ದಾರಗಳು ಸುರುಟಿಕೊಳ್ಳುತ್ತಿಲ್ಲ, ಒಂದರ ಪಕ್ಕ ಒಂದು ಜಾರುತ್ತಿವೆ ಅಂತಾಯಿತು. ನನಗೆ ಇಡೀ ಜೀವವಿಜ್ಞಾನದಲ್ಲೇ ಅತಿ ಇಷ್ಟವಾದ ತರ್ಕ ಇದು. ಒಂದು ಪಟ್ಟೆಯ ಅಗಲ ಬದಲಾಗಲಿಲ್ಲ ಅನ್ನುವುದರಿಂದ ಎಷ್ಟು ದೊಡ್ಡ ವಿಷಯ ಹೊರಬಿತ್ತು ನೋಡಿ.

ಜಾರುವ ದಾರಗಳು ಎರಡು ಬಗೆ. ದಪ್ಪ ದಾರ ಮಯೋಸಿನ್, ತೆಳ್ಳಗಿನ ದಾರ ಆಕ್ಟಿನ್. ಇವೆರಡೂ ಸೇರಿದ ಒಂದು ತುಣುಕಿಗೆ ಸಾರ್ಕೋಮಿಯರ್ ಅಂತ ಹೆಸರು. ಉದ್ದ 2ರಿಂದ 2.5 ಮೈಕ್ರೋಮೀಟರ್ ಅಷ್ಟೇ. ಒಂದು ಮಿಲಿಮೀಟರಿನಲ್ಲಿ ಇಂಥ 400ಕ್ಕೂ ಜಾಸ್ತಿ ತುಣುಕುಗಳು ಸಾಲಾಗಿ ಕೂರುತ್ತವೆ. ಮಯೋಸಿನ್ ದಾರದ ಮೈತುಂಬ ಪುಟ್ಟ ಪುಟ್ಟ ತಲೆಗಳು ಹೊರಚಾಚಿರುತ್ತವೆ. ನಾನು ಹೇಳಿದ ಕೈಗಳು ಇವೇ. ಆಕ್ಟಿನ್ ಅಂದರೆ ಹಗ್ಗ. ತಲೆ ಹಗ್ಗವನ್ನು ಹಿಡಿಯುತ್ತದೆ, ಬಾಗುತ್ತದೆ, ಹಗ್ಗವನ್ನು 10 ನ್ಯಾನೋಮೀಟರಿನಷ್ಟೋ ಅದಕ್ಕಿಂತ ಕಡಿಮೆಯೋ ಎಳೆಯುತ್ತದೆ. ಒಂದು ತಲೆಯ ಬಲ ಕೆಲವೇ ಪಿಕೋನ್ಯೂಟನ್, ಅಂದರೆ ಒಂದು ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು. ಬಕೆಟ್ ನಿಂತಿರುವುದು ಅಂಥ ಎಳೆತಗಳೆಲ್ಲ ಸೇರಿ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಶಕ್ತಿ ಎಲ್ಲಿ ಖರ್ಚಾಗುತ್ತದೆ? ಎಳೆಯುವಾಗ ಅಂತ ಅನ್ನಿಸುತ್ತದೆ, ಅಲ್ವಾ? ಹೊಸ ವಿದ್ಯಾರ್ಥಿಗಳೂ ಹಾಗೇ ಹೇಳುತ್ತಾರೆ. ಆದರೆ ಎಟಿಪಿ ಅನ್ನುವ ಇಂಧನದ ಕಣ ಬಂದು ಕೂತಾಗ ಮೊದಲು ಆಗುವುದು ಬಿಡುವ ಕೆಲಸ. ಎಟಿಪಿ ಬಂದರೆ ತಲೆ ಹಗ್ಗವನ್ನು ಬಿಡುತ್ತದೆ. ಆಮೇಲೆ ಆ ಎಟಿಪಿ ಒಡೆಯುತ್ತದೆ. ಅದರಿಂದ ಬಂದ ಶಕ್ತಿಯಲ್ಲಿ ತಲೆ ಹಿಂದಕ್ಕೆ ಬಾಗಿ, ಎಳೆದ ಬಿಲ್ಲಿನ ಹಾಗೆ ತಯಾರಾಗಿ ನಿಲ್ಲುತ್ತದೆ. ಹಗ್ಗ ಸಿಕ್ಕ ಕೂಡಲೇ ಹಿಡಿಯುತ್ತದೆ, ಎಳೆಯುತ್ತದೆ. ಎಳೆದಾದ ಮೇಲೆ ಅಲ್ಲೇ ಅಂಟಿಕೊಂಡು ಕೂರುತ್ತದೆ, ಇನ್ನೊಂದು ಎಟಿಪಿ ಬರುವವರೆಗೆ.

ಬರದೇ ಹೋದರೆ? ಸತ್ತ ದೇಹ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುವುದನ್ನು ನೋಡಿರುತ್ತೀರಿ. ಅದೇ ಇದು. ಎಟಿಪಿ ಮುಗಿದಿದೆ, ಹಿಡಿದ ತಲೆಗಳಿಗೆ ಬಿಡಲು ಆಗುತ್ತಿಲ್ಲ. ಒಂದೆರಡು ದಿನದಲ್ಲಿ ಪ್ರೋಟೀನುಗಳೇ ಕೊಳೆಯಲು ಶುರುವಾದಾಗ ದೇಹ ಮತ್ತೆ ಸಡಿಲವಾಗುತ್ತದೆ. ಶಕ್ತಿ ಖರ್ಚಿಲ್ಲದೆ ಬಕೆಟ್ ಹಿಡಿಯುವ ಸ್ನಾಯು ಬೇಕೆಂದರೆ ಅದು ಹೀಗೇ ಬೀಗ ಬಿದ್ದ ಸ್ನಾಯು ಆಗಬೇಕಿತ್ತು. ಕಪ್ಪೆಚಿಪ್ಪಿನ ಜಾತಿಯ ಪ್ರಾಣಿಗಳಲ್ಲಿ ಅಂಥ ಸ್ನಾಯು ಇದೆ. ಚಿಪ್ಪನ್ನು ಗಂಟೆಗಟ್ಟಲೆ ಬಿಗಿಯಾಗಿ ಮುಚ್ಚಿಟ್ಟರೂ ಅವು ಬಹಳ ಕಡಿಮೆ ಶಕ್ತಿ ಬಳಸುತ್ತವೆ. ಆದರೆ ಆ ಸ್ನಾಯುವಿನಲ್ಲಿ ಓಡಲಾಗದು, ರೊಟ್ಟಿ ತಟ್ಟಲಾಗದು. ನಮ್ಮ ಸ್ನಾಯು ಬೇಗ ಹಿಡಿಯಬೇಕು, ಬೇಗ ಬಿಡಬೇಕು. ಅದಕ್ಕೆ ನಾವು ಕೊಡುವ ಬೆಲೆ ಈ ದಣಿವು.

ಹಾಗಾಗಿ ನೀವು ಅಲ್ಲಾಡದೆ ನಿಂತಿದ್ದಾಗ ಒಳಗೆ ಆಗುತ್ತಿದ್ದದ್ದು ಹೀಗೆ. ಬಾವಿಯ ಕೊಡ ಅರ್ಧಕ್ಕೆ ಬಂದು ನಿಂತಿದೆ ಅಂದುಕೊಳ್ಳಿ. ನೂರಾರು ಜನ ಹಗ್ಗ ಹಿಡಿದಿದ್ದಾರೆ. ಒಬ್ಬ ಬಿಟ್ಟಾಗ ಇನ್ನೊಬ್ಬ ಹಿಡಿಯುತ್ತಾನೆ. ಎಲ್ಲರೂ ಒಟ್ಟಿಗೆ ಬಿಡುವುದಿಲ್ಲ, ಆದ್ದರಿಂದ ಕೊಡ ಬೀಳುವುದಿಲ್ಲ. ಹಗ್ಗ ಒಂದು ಗೇಣೂ ಮೇಲೆ ಬಂದಿಲ್ಲ, ಆದರೂ ಜನ ಬೆವರುತ್ತಿದ್ದಾರೆ. ಖರ್ಚಾದ ಶಕ್ತಿಯೆಲ್ಲ ಶಾಖವಾಗಿ ಹೋಯಿತು. ಮಗಳ ಲೆಕ್ಕದಲ್ಲಿ ಸೊನ್ನೆ ಬಂದದ್ದು ಬಕೆಟ್ಟಿನ ಬಾಬ್ತು ಮಾತ್ರ. ಶಾಖದ ಬಾಬ್ತು ಅವಳ ಸೂತ್ರದಲ್ಲಿ ಇರಲಿಲ್ಲ.

ಇಷ್ಟೂ ತಲೆಗಳಿಗೆ ಯಾವಾಗ ಹಿಡಿಯಬೇಕು ಅಂತ ಹೇಳುವವರು ಯಾರು? ಕ್ಯಾಲ್ಸಿಯಂ. ಸ್ನಾಯು ಸುಮ್ಮನಿದ್ದಾಗ ಆಕ್ಟಿನ್ ಮೇಲಿನ ಹಿಡಿ ಜಾಗಗಳನ್ನು ಟ್ರೋಪೋಮಯೋಸಿನ್ ಅನ್ನುವ ಎಳೆ ಮುಚ್ಚಿರುತ್ತದೆ. ನರದ ಸಂಕೇತ ಬಂದಾಗ ಸ್ನಾಯುವಿನ ಮೇಲೆ ವಿದ್ಯುತ್ ಅಲೆ ಹರಿಯುತ್ತದೆ. ಒಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬಂದು ಆ ಎಳೆಗೆ ಕೂಡಿಕೊಂಡಿರುವ ಟ್ರೋಪೋನಿನ್ ಅನ್ನುವ ಪ್ರೋಟೀನಿಗೆ ಅಂಟುತ್ತದೆ, ಮುಚ್ಚಳ ಸರಿಯುತ್ತದೆ. ಸಂಕೇತ ನಿಂತರೆ ಪಂಪುಗಳು ಕ್ಯಾಲ್ಸಿಯಂ ಅನ್ನು ಮತ್ತೆ ಚೀಲಕ್ಕೆ ತುಂಬುತ್ತವೆ. ಈ ಪಂಪುಗಳಿಗೂ ಎಟಿಪಿ ಬೇಕು. ಬಕೆಟ್ ಹಿಡಿದು ನಿಂತಾಗಿನ ಖರ್ಚಿನಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಈ ಪಂಪುಗಳಿಗೇ ಹೋಗುತ್ತದೆ.

ಒಂದು ಸಂಕೇತಕ್ಕೆ ಒಂದೇ ಸಣ್ಣ ಮಿಡಿತ. ನಾನು ಓದುವಾಗ ಪ್ರಯೋಗಾಲಯದಲ್ಲಿ ಕಪ್ಪೆಯ ಮೀನಖಂಡಕ್ಕೆ ದಾರ ಕಟ್ಟಿ, ಹೊಗೆಯ ಮಸಿ ಹಿಡಿಸಿದ ಕೈಮೋಗ್ರಾಫ್ ಡ್ರಮ್ಮಿನ ಮೇಲೆ ಗೆರೆ ಬರೆಸುತ್ತಿದ್ದೆವು. ನಿಧಾನಕ್ಕೆ ಶಾಕ್ ಕೊಟ್ಟರೆ ಸಾಲು ಗುಡ್ಡಗಳು. ವೇಗ ಹೆಚ್ಚಿಸಿದಂತೆ ಗುಡ್ಡಗಳು ಒಂದರ ಮೇಲೊಂದು ಹತ್ತಿ, ಕೊನೆಗೆ ನಯವಾದ ಒಂದೇ ಎತ್ತರದ ಗೆರೆ. ಆ ಗೆರೆ ನೋಡಿದ ದಿನ ನನಗೆ ಮೈ ಜುಮ್ಮೆಂದಿತ್ತು. ನಾವು ‘ಬಿಗಿ ಹಿಡಿತ’ ಅನ್ನುವುದು ಕೂಡಿಕೊಂಡ ಮಿಡಿತಗಳ ಸಾಲು ಅಂತ ಅವತ್ತು ಕಣ್ಣಾರೆ ಕಂಡೆ. (ಈಗ ನಮ್ಮ ಕಾಲೇಜಿನಲ್ಲಿ ಕಪ್ಪೆ ಬಳಸುವುದಿಲ್ಲ, ಕಂಪ್ಯೂಟರಿನಲ್ಲೇ ತೋರಿಸುತ್ತೇವೆ. ಅದೇ ಒಳ್ಳೆಯದು.)

ಬಲ ಹೆಚ್ಚಿಸಲು ಮೆದುಳಿಗೆ ಎರಡು ದಾರಿ. ಸಂಕೇತಗಳ ವೇಗ ಹೆಚ್ಚಿಸುವುದು ಒಂದು. ಹೆಚ್ಚು ಎಳೆಗಳನ್ನು ಕೆಲಸಕ್ಕೆ ಕರೆಯುವುದು ಇನ್ನೊಂದು. ಒಂದು ನರಕೋಶಕ್ಕೆ ಒಂದು ಗುಂಪು ಎಳೆಗಳು. ಕಣ್ಣು ತಿರುಗಿಸುವ ಸ್ನಾಯುವಿನಲ್ಲಿ ಗುಂಪಿಗೆ ಹತ್ತಿಪ್ಪತ್ತೇ ಎಳೆ, ಮೀನಖಂಡದಲ್ಲಿ ಸಾವಿರಕ್ಕೂ ಜಾಸ್ತಿ. ಮೊದಲು ಸಣ್ಣ ಗುಂಪುಗಳು ಏಳುತ್ತವೆ. ಅವು ನಿಧಾನ, ಬೇಗ ಸೋಲುವುದಿಲ್ಲ. ಭಾರ ಹೆಚ್ಚಾದರೆ ದೊಡ್ಡ ಗುಂಪುಗಳು ಬರುತ್ತವೆ. ಅವುಗಳಿಗೆ ಬಲ ಜಾಸ್ತಿ, ತಾಳಿಕೆ ಕಡಿಮೆ. ಕೊನೆಗೆ ನಿಮ್ಮ ಕೈ ನಡುಗಿದ್ದು ಯಾಕೆಂದರೆ, ಆ ಹೊತ್ತಿಗೆ ದೊಡ್ಡ ಗುಂಪುಗಳು ಕೆಲಸಕ್ಕೆ ಇಳಿದಿದ್ದವು ಮತ್ತು ಅವುಗಳ ಮಿಡಿತಗಳು ನಯವಾಗಿ ಕೂಡಿಕೊಳ್ಳುತ್ತಿರಲಿಲ್ಲ.

ಬಕೆಟ್ ಹಿಡಿಯುವ ಭಂಗಿಯ ಬಗ್ಗೆಯೂ ಹೇಳಬೇಕು. ಮೊಣಕೈ 90 ಡಿಗ್ರಿ ಮಡಚಿ 5 ಕಿಲೋ ಹಿಡಿದಿದ್ದೀರಿ ಅನ್ನಿ. ಬೈಸೆಪ್ಸ್ ಮೂಳೆಗೆ ಅಂಟಿರುವುದು ಮೊಣಕೈ ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ. ಅಂಗೈ ಇರುವುದು 32 ಸೆಂಟಿಮೀಟರ್ ಆಚೆ. ಎಂಟು ಪಟ್ಟು. 5 ಕಿಲೋ ಹಿಡಿಯಲು ಮೊಣಕೈ ಮಡಚುವ ಸ್ನಾಯುಗಳು ಸುಮಾರು 40 ಕಿಲೋ ತೂಕದಷ್ಟು ಎಳೆಯಬೇಕು! ಇದು ದೇಹದ ತಪ್ಪು ಲೆಕ್ಕ ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಎಂಟು ಸೆಂಟಿಮೀಟರ್ ಚಲಿಸುತ್ತದೆ. ಬಲ ಕಳೆದುಕೊಂಡು ವೇಗ ಪಡೆದಿದ್ದೇವೆ. ಚೆಂಡು ಎಸೆಯಲು ಆಗುವುದು ಅದರಿಂದಲೇ.

ಕೈ ಕೆಳಗೆ ಇಳಿಬಿಟ್ಟು ಹಿಡಿದರೆ ಬೈಸೆಪ್ಸ್‌ಗೆ ಹೆಚ್ಚು ಕೆಲಸವಿಲ್ಲ. ಆಗ ಸೋಲುವುದು ಬೆರಳು ಮಡಚುವ ಸ್ನಾಯುಗಳು. ಅವು ಇರುವುದು ಮುಂಗೈಯಲ್ಲಿ, ಮೊಣಕೈ ಕೆಳಗೆ. ಒಂದು ಪ್ರಯೋಗ ಮಾಡಿ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ, ಆಮೇಲೆ ಮುಷ್ಟಿ ಬಿಗಿಯಿರಿ. ಬಿಗಿಯಾಗುವುದೇ ಇಲ್ಲ, ಅಲ್ವಾ? ಆ ಭಂಗಿಯಲ್ಲಿ ಬೆರಳಿನ ಸ್ನಾಯುಗಳು ಮೊದಲೇ ಗಿಡ್ಡವಾಗಿರುತ್ತವೆ. ಒಳಗೆ ದಾರಗಳು ಒಂದರ ಮೇಲೊಂದು ತುರುಕಿಕೊಂಡು, ಎಳೆಯಲು ಜಾಗವೇ ಉಳಿದಿರುವುದಿಲ್ಲ. ಅತಿಯಾಗಿ ಎಳೆದು ಉದ್ದವಾದರೂ ಕಷ್ಟ, ಆಗ ತಲೆಗಳಿಗೆ ಹಗ್ಗ ಸಿಗುವುದಿಲ್ಲ. 1966ರಲ್ಲಿ ಗಾರ್ಡನ್, ಆಂಡ್ರ್ಯೂ ಹಕ್ಸ್‌ಲಿ ಮತ್ತು ಜೂಲಿಯನ್ ಕಪ್ಪೆಯ ಒಂದೊಂದೇ ಎಳೆಯಲ್ಲಿ ಇದನ್ನು ಅಳೆದು ತೋರಿಸಿದರು. ಸಾರ್ಕೋಮಿಯರ್ 2ರಿಂದ 2.2 ಮೈಕ್ರೋಮೀಟರ್ ಇದ್ದಾಗ ಬಲ ಅತಿ ಹೆಚ್ಚು, 3.65ಕ್ಕೆ ಎಳೆದರೆ ಸೊನ್ನೆ. ಆದ್ದರಿಂದ ಬಕೆಟ್ ಹಿಡಿಯುವಾಗ ಮಣಿಕಟ್ಟು ನೇರ ಇರಲಿ, ಒಳಕ್ಕೆ ಬಾಗುವುದು ಬೇಡ.

ಇನ್ನೊಂದು ಕಾರಣವೂ ನಿಮ್ಮ ಕೈ ಸೋಲಲು ಸೇರಿಕೊಂಡಿತ್ತು. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುತ್ತದೆ. ನಡೆಯುವಾಗ, ಬಟ್ಟೆ ಹಿಂಡುವಾಗ ಸ್ನಾಯು ಬಿಗಿದು ಸಡಿಲಿಸುವುದರಿಂದ ರಕ್ತ ಬಂದು ಹೋಗುತ್ತದೆ. ಒಂದೇ ಸಮನೆ ಹಿಡಿದಾಗ ಆಮ್ಲಜನಕ ಬರುವುದು ತಗ್ಗುತ್ತದೆ, ಎಟಿಪಿ ಒಡೆದು ಉಳಿದ ಫಾಸ್ಫೇಟ್ ತುಂಬಿಕೊಳ್ಳುತ್ತದೆ, ತಲೆಗಳ ಎಳೆತ ಸೊರಗುತ್ತದೆ. ನೀರು ಹೊರುವ ಹೆಂಗಸರು ಆಗಾಗ ಕೈ ಬದಲಾಯಿಸುತ್ತಾರಲ್ಲ, ಅದು ಸರಿಯಾದ ಕ್ರಮ. ಅರ್ಧ ನಿಮಿಷ ಸಡಿಲ ಬಿಟ್ಟರೂ ರಕ್ತ ನುಗ್ಗಿ ಬರುತ್ತದೆ.

ಕೊನೆಗೆ ನೀವು ‘ಬಕೆಟ್ ಎತ್ತುವುದಕ್ಕಿಂತ ನಿಧಾನಕ್ಕೆ ಇಳಿಸುವುದು ಸುಲಭ ಅನ್ನಿಸುತ್ತದೆ, ಅದು ಭ್ರಮೆಯಾ?’ ಅಂತ ಕೇಳಿದ್ದೀರಿ. ಭ್ರಮೆಯಲ್ಲ. ಇಳಿಸುವಾಗ ಸ್ನಾಯು ಬಲ ಹಾಕುತ್ತಲೇ ಉದ್ದವಾಗುತ್ತದೆ. ಹಿಡಿದ ತಲೆಗಳನ್ನು ಭಾರವೇ ಕಿತ್ತು ಬಿಡಿಸುತ್ತದೆ, ಎಟಿಪಿ ಕಡಿಮೆ ಸಾಕು. 1952ರಲ್ಲಿ ಇಂಗ್ಲೆಂಡಿನ ಅಬಾಟ್, ಬಿಗ್‌ಲ್ಯಾಂಡ್, ರಿಚಿ ಎಂಬ ಮೂವರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟಂತೆ ಒಂದೇ ಸರಪಳಿಯಲ್ಲಿ ಕಟ್ಟಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಬಲವೂ ಒಂದೇ. ಆದರೆ ತುಳಿದವರಿಗೆ ಬೇಕಾದ ಆಮ್ಲಜನಕ ತಡೆದವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಈ ಅಗ್ಗದ ಕೆಲಸಕ್ಕೆ ಮರುದಿನ ಬೇರೆ ಬಿಲ್ ಬರುತ್ತದೆ. ಹೀಗೆ ಹಿಗ್ಗುತ್ತಾ ಬಲ ಹಾಕಿದಾಗಲೇ ಎಳೆಗಳಲ್ಲಿ ಸಣ್ಣ ಸಣ್ಣ ಗಾಯ ಹೆಚ್ಚು. ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಇಳಿಯುವುದನ್ನೂ ಕಾಲಲ್ಲೇ ಮುಗಿಸಿದಾಗಲೆಲ್ಲ ಎರಡು ದಿನ ತೊಡೆ ಮುಟ್ಟಲಾಗುವುದಿಲ್ಲ. ಹತ್ತಿ ಬಸ್ಸಿನಲ್ಲಿ ಇಳಿದ ಸಲ ಏನೂ ಆಗಿರಲಿಲ್ಲ.