ಹಳೆಯ ಸೀರಿಯಲ್ ಟರ್ಮಿನಲ್‌ಗಳನ್ನು ಈಗಿನ ಆಫೀಸ್ ನೆಟ್‌ವರ್ಕ್‌ಗೆ ಜೋಡಿಸಬಹುದಾ?

ನೀವು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಟರ್ಮಿನಲ್, ಅಂದರೆ ಪರದೆ ಮತ್ತು ಕೀಬೋರ್ಡು ಮಾತ್ರ ಇರುವ ಯಂತ್ರ, ಒಟ್ಟು ಆರು: ಡೆಕ್ ಕಂಪನಿಯ ವಿಟಿ420 ನಾಲ್ಕು, ವೈಸ್ ಕಂಪನಿಯ ವೈಸ್ 60 ಎರಡು. ಸ್ಟಾಕ್ ಎಂಟ್ರಿ ಸಾಫ್ಟ್‌ವೇರ್ ಈಗ ಲಿನಕ್ಸ್ ವರ್ಚುವಲ್ ಮಶೀನ್‌ಗೆ ಹೋಗಿದೆ, ಅದಕ್ಕೆ ಸೀರಿಯಲ್ ಪೋರ್ಟೇ ಇಲ್ಲ. ಗೋಡೆಯೊಳಗೆ ಕ್ಯಾಟ್5 ಕೇಬಲ್ ಓಡಿದೆ. ಟರ್ಮಿನಲ್ ಬಿಟ್ಟುಕೊಡಲು ಕೆಲಸದವರು ಒಪ್ಪುತ್ತಿಲ್ಲ. ಆರ್‌ಜೆ45 ತುದಿ ಹಾಕಿ ನೇರವಾಗಿ ಸ್ವಿಚ್‌ಗೆ ಚುಚ್ಚಬಹುದಾ, ಟರ್ಮಿನಲ್‌ಗಳನ್ನು ನೆಟ್‌ವರ್ಕ್‌ಗೆ ಸೇರಿಸುತ್ತಿದ್ದ ಹಳೆಯ ಡೆಕ್‌ಸರ್ವರ್ ಡಬ್ಬ ಏನಾದರೂ ಉಪಯೋಗಕ್ಕೆ ಬರುತ್ತದಾ ಅಂತ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ: ಬೇಡವೇ ಬೇಡ. ಪ್ಲಗ್ಗು ಒಂದೇ ಥರ ಕಂಡರೂ ಒಳಗೆ ಓಡುವುದು ಬೇರೆ. ಟರ್ಮಿನಲ್‌ನ ಸೀರಿಯಲ್ ಲೈನು ನಡೆಯುವುದು ಆರ್‌ಎಸ್-232 ಅನ್ನುವ ನಿಯಮದಂತೆ. ಅದರಲ್ಲಿ ಒಂದು ತಂತಿಯ ವೋಲ್ಟೇಜು ಗ್ರೌಂಡಿಗಿಂತ 3ರಿಂದ 15 ವೋಲ್ಟ್ ಮೇಲಿದ್ದರೆ ಸೊನ್ನೆ, ಅಷ್ಟೇ ಕೆಳಗಿದ್ದರೆ ಒಂದು. ಈಥರ್ನೆಟ್‌ಗೆ ಈ ಭಾಷೆಯೇ ಗೊತ್ತಿಲ್ಲ. ಕೆಲಸ ಮಾಡುವುದಿಲ್ಲ ಅನ್ನುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಬರುವ ಕರೆಂಟು. ಸ್ಟ್ಯಾಂಡರ್ಡ್ ಪಿಒಇ ಸ್ವಿಚ್ ಮೊದಲು ಆ ಕಡೆ 25 ಕಿಲೋ ಓಮ್ ಪ್ರತಿರೋಧ ಇದೆಯಾ ಅಂತ ನೋಡಿ ಆಮೇಲಷ್ಟೇ ಕರೆಂಟು ಬಿಡುತ್ತದೆ. ಪ್ಯಾಸಿವ್ ಇಂಜೆಕ್ಟರ್ ಏನನ್ನೂ ನೋಡುವುದಿಲ್ಲ, ಸುಮ್ನೆ ಸುರಿಯುತ್ತದೆ. ನಾನು ಇದನ್ನು ಒಂದು ವಿಟಿ420ಯ ಪೋರ್ಟ್ ಸುಟ್ಟುಕೊಂಡು ಕಲಿತೆ. ಸೀರಿಯಲ್‌ಗೆಂದು ಇಟ್ಟಿದ್ದ ತುದಿಯನ್ನು ಯಾರೋ ಪ್ಯಾಚ್ ಪ್ಯಾನೆಲ್‌ನಲ್ಲಿ ಕ್ಯಾಮೆರಾದ ಇಂಜೆಕ್ಟರ್‌ಗೆ ಚುಚ್ಚಿದ್ದರು. ಅವರದೇನೂ ತಪ್ಪಿಲ್ಲ, ಲೇಬಲ್ ಹಾಕದೆ ಬಿಟ್ಟವನು ನಾನು. ಗೋಡೆಯ ಕ್ಯಾಟ್5 ಬಳಸಿ, ಅಡ್ಡಿಯಿಲ್ಲ. ಆದರೆ ಎರಡೂ ತುದಿಗೆ ಬೇರೆ ಬಣ್ಣದ ಪ್ಲಗ್ಗು ಹಾಕಿ, "ಸೀರಿಯಲ್, ಸ್ವಿಚ್‌ಗೆ ಹಾಕಬೇಡಿ" ಅಂತ ಅಂಟಿಸಿ.

ಸರಿ, ಹಾಗಾದರೆ ಏನು ಮಾಡುವುದು? ನನ್ನ ಪ್ರಕಾರ ಟರ್ಮಿನಲ್ ಅನ್ನು ನೆಟ್‌ವರ್ಕ್‌ಗೆ ಸೇರಿಸುವ ಯೋಚನೆಯನ್ನೇ ಬಿಡಿ. ಮಧ್ಯೆ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್ ಇಡಿ. ಅದರ ಒಂದು ಕಡೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, ಇನ್ನೊಂದು ಕಡೆ ನೆಟ್‌ವರ್ಕ್. ಟರ್ಮಿನಲ್ ಈ ಪೆಟ್ಟಿಗೆಗೆ ಲಾಗಿನ್ ಆಗುತ್ತದೆ, ಪೆಟ್ಟಿಗೆ ಎಸ್‌ಎಸ್‌ಎಚ್ (ದೂರದ ಮಶೀನ್‌ಗೆ ಗುಟ್ಟಾಗಿ ಲಾಗಿನ್ ಆಗುವ ದಾರಿ) ಮೂಲಕ ಸರ್ವರ್‌ಗೆ, ಅಂದರೆ ನಿಮ್ಮ ವರ್ಚುವಲ್ ಮಶೀನ್‌ಗೆ, ಹೋಗುತ್ತದೆ. ಆರು ಟರ್ಮಿನಲ್‌ಗೆ ಎಂಟು ಪೋರ್ಟಿನ ಒಂದು ಅಡಾಪ್ಟರ್ ಸಾಕು.

ಮೋಕ್ಸಾ, ಡಿಜಿ, ಲ್ಯಾಂಟ್ರಾನಿಕ್ಸ್ ಥರದವರ ಸಿದ್ಧ ಸೀರಿಯಲ್ ಸರ್ವರ್‌ಗಳೂ ಇವೆ. ತಗೊಳ್ಳುವ ಮುಂಚೆ ಒಂದು ವಿಷಯ ನೋಡಿ. ಇವುಗಳಲ್ಲಿ ಬಹಳಷ್ಟು ಉಲ್ಟಾ ದಿಕ್ಕಿಗೆ ಮಾಡಿದವು. ನೆಟ್‌ವರ್ಕ್‌ನಲ್ಲಿ ಕೂತವರು ಒಂದು ರೌಟರ್‌ನ ಸೀರಿಯಲ್ ಪೋರ್ಟ್ ತೆರೆಯಲಿ ಅಂತ. ನಿಮಗೆ ಬೇಕಾದದ್ದು ಟರ್ಮಿನಲ್ ಕಡೆಯಿಂದ ಹೊರಟು ಸರ್ವರ್ ತಲುಪುವುದು. ಹಳೆಯ ಪೆಟ್ಟಿಗೆ ಆದರೆ ಅದರ ಎಸ್‌ಎಸ್‌ಎಚ್ ಕೂಡ ಹಳೆಯದೇ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರುವ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಚ್. 2015ರ ಅದರ 7.0 ಆವೃತ್ತಿಯಿಂದ ಹಳೆಯ ಕೀ ವಿನಿಮಯದ ಕ್ರಮಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದಿದ್ದಾರೆ, ಹಾಗಾಗಿ ಸರ್ವರ್ ಬಾಗಿಲೇ ತೆಗೆಯದೆ ಹೋಗಬಹುದು. ಆಗ ಉಳಿಯುವುದು ಟೆಲ್ನೆಟ್, ದೂರದಿಂದ ಲಾಗಿನ್ ಆಗುವ ಹಳೆಯ ದಾರಿ. ಅದರಲ್ಲಿ ಪಾಸ್‌ವರ್ಡ್ ಬಟಾಬಯಲು.

ಪುಟ್ಟ ಕಂಪ್ಯೂಟರ್ ಅಂದರೆ ರಾಸ್‌ಬೆರಿ ಪೈ ಆದರೂ ಆಗಬಹುದು. ಆದರೆ ಅದರ ಜಿಪಿಐಒ ಪಿನ್ನಿನ ಸೀರಿಯಲ್ ಲೈನು 3.3 ವೋಲ್ಟಿನದು. ಟರ್ಮಿನಲ್ ತಂತಿಯನ್ನು ಅಲ್ಲಿಗೆ ನೇರ ಮುಟ್ಟಿಸಿದರೆ ಪೈ ಕಥೆ ಮುಗಿಯಿತು. ಮಧ್ಯೆ ವೋಲ್ಟೇಜು ಬದಲಾಯಿಸುವ ಮ್ಯಾಕ್ಸ್3232 ಥರದ ಚಿಪ್ ಬೇಕು. ಯುಎಸ್‌ಬಿ ಅಡಾಪ್ಟರ್ ಬಳಸಿದರೆ ಈ ತಲೆನೋವಿಲ್ಲ.

ಈಗ ಕೇಬಲ್ ವಿಷಯ. ವೈಸ್ 60ರ ಹಿಂದೆ 25 ಪಿನ್ನಿನ ಕನೆಕ್ಟರ್ ಇದೆ. ಅಡಾಪ್ಟರ್ ಕಡೆ 9 ಪಿನ್ನು. ಕಳಿಸುವ ತಂತಿ ಕೇಳುವ ತಂತಿಗೆ ಹೋಗಬೇಕು, ಅಲ್ವಾ? ಹಾಗಂತ ಎಲ್ಲರೂ 2 ಮತ್ತು 3ನ್ನು ಅದಲು ಬದಲು ಮಾಡುತ್ತಾರೆ, ಕೆಲಸ ಮಾಡುವುದಿಲ್ಲ. ಯಾಕೆಂದರೆ 25 ಪಿನ್ನಿನಲ್ಲಿ 2 ಕಳಿಸುವುದು, 9 ಪಿನ್ನಿನಲ್ಲಿ 2 ಕೇಳುವುದು. ಅದಲು ಬದಲು ಆಗಲೇ ಆಗಿದೆ. ಹಾಗಾಗಿ 2ರಿಂದ 2ಕ್ಕೆ, 3ರಿಂದ 3ಕ್ಕೆ, ಗ್ರೌಂಡ್ 7ರಿಂದ 5ಕ್ಕೆ. ವಿಟಿ420ಯಲ್ಲಿ ಡೆಕ್‌ನವರ ಎಂಎಂಜೆ ಕನೆಕ್ಟರ್ ಇದೆ. ಟೆಲಿಫೋನ್ ಪ್ಲಗ್ಗಿನ ಹಾಗೆ ಕಾಣುತ್ತದೆ, ಆದರೆ ಕೊಕ್ಕೆ ಒಂದು ಬದಿಗೆ ಸರಿದಿರುತ್ತದೆ. ಅದಕ್ಕೆ ಬಿಸಿ16ಇ ಕೇಬಲ್ಲು, ಪೆಟ್ಟಿಗೆಯ ಕಡೆಯ ತುದಿಗೆ ಎಚ್8571-ಜೆ ಅಡಾಪ್ಟರ್. ಹಳೆ ಸಾಮಾನಿನ ಪೆಟ್ಟಿಗೆಯಲ್ಲಿ ಹುಡುಕಿ, ಟರ್ಮಿನಲ್ ಇದ್ದಲ್ಲಿ ಇವೂ ಸಿಗುತ್ತವೆ.

ಉದ್ದ ಎಷ್ಟಿರಬಹುದು? 15 ಮೀಟರ್ ಅಂತ ಎಲ್ಲರೂ ಹೇಳುತ್ತಾರೆ. ಅದು ಹಳೆಯ ನಿಯಮ. ಆಮೇಲಿನ ಆವೃತ್ತಿಯಲ್ಲಿ ಉದ್ದದ ಬದಲು ಕೇಬಲ್ಲಿನ ಕೆಪಾಸಿಟೆನ್ಸ್ 2500 ಪಿಕೋಫ್ಯಾರಡ್ ಮೀರಬಾರದು ಅಂದರು. ಕ್ಯಾಟ್5ರಲ್ಲಿ ಮೀಟರಿಗೆ ಸುಮಾರು 50. ಅಂದರೆ 50 ಮೀಟರ್ ಹತ್ತಿರ ಹೋಗಬಹುದು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ನನಗೆ ಅದಕ್ಕಿಂತ ಜಾಸ್ತಿಯೂ ನಡೆದಿದೆ. ಕಳಿಸುವ ತಂತಿಯನ್ನೂ ಕೇಳುವ ತಂತಿಯನ್ನೂ ಒಂದೇ ಜೋಡಿಯಲ್ಲಿ ಹಾಕಬೇಡಿ, ಒಂದೊಂದಕ್ಕೂ ಗ್ರೌಂಡನ್ನು ಜೊತೆ ಮಾಡಿ. ಬೇರೆ ಕಟ್ಟಡದ ಟರ್ಮಿನಲ್ ಆದರೆ ಆಪ್ಟಿಕಲ್ ಐಸೊಲೇಟರ್ (ತಂತಿ ಸೇರಿಸದೆ ಬೆಳಕಿನಲ್ಲಿ ಸಂಕೇತ ದಾಟಿಸುವ ಡಬ್ಬ) ಹಾಕದೆ ಜೋಡಿಸಬೇಡಿ. ಎರಡು ಕಟ್ಟಡದ ಗ್ರೌಂಡ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ವ್ಯತ್ಯಾಸವೆಲ್ಲ ನಿಮ್ಮ ಪುಟ್ಟ ತಂತಿಯಲ್ಲೇ ಹರಿಯುತ್ತದೆ.

ವೇಗ ಎರಡೂ ಕಡೆ 9600, 8 ಬಿಟ್, ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಇಲ್ಲ, 1 ಸ್ಟಾಪ್ ಬಿಟ್. ವಿಟಿ420ಯಲ್ಲಿ ಎಫ್3 ಒತ್ತಿದರೆ ಸೆಟ್-ಅಪ್ ಬರುತ್ತದೆ. ಸ್ಟಾರ್ಟ್ ಬಿಟ್ಟೂ ಸೇರಿ ಒಂದು ಅಕ್ಷರಕ್ಕೆ 10 ಬಿಟ್, ಹಾಗಾಗಿ ಸೆಕೆಂಡಿಗೆ 960 ಅಕ್ಷರ. 80 ಕಾಲಂ, 24 ಸಾಲಿನ ಪೂರ್ತಿ ಪರದೆಗೆ 2 ಸೆಕೆಂಡು. ಎಲ್ಲ ಸರಿಯಾದ ಮೇಲೆ 19200ಕ್ಕೆ ಏರಿಸಿ. ಪರದೆಯಲ್ಲಿ ಪೂರ್ತಿ ಕಸ ಬಂದರೆ ವೇಗ ತಪ್ಪಿದೆ. ಅರ್ಧ ಅಕ್ಷರ ಸರಿ, ಅರ್ಧ ತಪ್ಪು ಬಂದರೆ ಪ್ಯಾರಿಟಿ ತಪ್ಪಿದೆ. ಇಂಗ್ಲಿಷಿನ ಎ, ಬಿ ಸರಿಯಾಗಿ ಬಂದು ಸಿ ಮಾತ್ರ ವಿಚಿತ್ರವಾಗಿ ಬರುತ್ತಿದ್ದರೆ ಅನುಮಾನವೇ ಬೇಡ. ಎ, ಬಿಗಳಲ್ಲಿ ಒಂದುಗಳ ಸಂಖ್ಯೆ ಎರಡು, ಸಿಯಲ್ಲಿ ಮೂರು. ಒಂದುಗಳ ಸಂಖ್ಯೆ ಸಮ ಇರಬೇಕು ಅನ್ನುವ ಈವನ್ ಪ್ಯಾರಿಟಿಯವರು ಸಿಗೆ ಎಂಟನೇ ಬಿಟ್ ಸೇರಿಸಿ ಕಳಿಸುತ್ತಾರೆ.

ಲಿನಕ್ಸ್ ಪೆಟ್ಟಿಗೆಯಲ್ಲಿ ಪ್ರತಿ ಪೋರ್ಟಿಗೂ ಸೀರಿಯಲ್ ಗೆಟ್ಟಿ (ಲಾಗಿನ್ ಕೇಳುವ ಪ್ರೋಗ್ರಾಂ) ಸರ್ವಿಸ್ ಚಾಲೂ ಮಾಡಿ, ಟರ್ಮ್ ಹೆಸರು, ಅಂದರೆ ಟರ್ಮಿನಲ್ ಯಾವ ಜಾತಿಯದು ಅನ್ನುವುದನ್ನು, ಕೊಡಿ. ಡೆಕ್‌ಗೆ ವಿಟಿ420, ವೈಸ್‌ಗೆ ಡಬ್ಲ್ಯುವೈ60. ಡೆಬಿಯನ್ ಆದರೆ ವೈಸ್‌ನ ವಿವರ ಎನ್‌ಕರ್ಸಸ್-ಟರ್ಮ್ ಪ್ಯಾಕೇಜಿನಲ್ಲಿದೆ. ಬೇರೆ ಬೇರೆ ಅಡಾಪ್ಟರ್‌ಗಳನ್ನು ಬಳಸಿದರೆ ಪೋರ್ಟಿನ ನಂಬರ್ ನಂಬಬೇಡಿ, ರೀಬೂಟ್ ಆದಾಗ ಅದಲು ಬದಲಾಗುತ್ತದೆ. ಯಾವ ಯುಎಸ್‌ಬಿ ಕಿಂಡಿಗೆ ಚುಚ್ಚಿದೆ ಅನ್ನುವ ದಾರಿಯಿಂದ ಹೆಸರು ಕೊಡಿ.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ನಾನು ಒದ್ದಾಡಿದ್ದು ಇದಾದ ಮೇಲೆ.

ಪೆಟ್ಟಿಗೆಯಲ್ಲಿ ಲಾಗಿನ್ ಆಗಿ ಉದ್ದದ ಫೈಲು ತೆರೆದರೆ ಸರಿಯಾಗಿ ಬರುತ್ತಿತ್ತು. ಅಲ್ಲಿಂದ ಎಸ್‌ಎಸ್‌ಎಚ್ ಮಾಡಿ ಸರ್ವರಿನಲ್ಲಿ ಅದೇ ಫೈಲು ತೆರೆದರೆ ನಡುವೆ ಸಾಲುಗಳೇ ಮಾಯ. ಎರಡು ದಿನ ಕೇಬಲ್ ಬದಲಾಯಿಸಿದೆ. ತಪ್ಪು ಕೇಬಲ್ಲಿನದಲ್ಲ. ಟರ್ಮಿನಲ್‌ಗೆ ಅಕ್ಷರಗಳು ಓದುವುದಕ್ಕಿಂತ ಬೇಗ ಬಂದರೆ ಅದು ಎಕ್ಸಾಫ್ ಅನ್ನುವ ಸಂಕೇತ ಕಳಿಸುತ್ತದೆ, "ಸ್ವಲ್ಪ ತಡಿ" ಅಂತ. ಕಂಟ್ರೋಲ್-ಎಸ್ ಅಂದರೂ ಅದೇ. ಸುಧಾರಿಸಿಕೊಂಡ ಮೇಲೆ ಎಕ್ಸಾನ್, ಅಂದರೆ ಕಂಟ್ರೋಲ್-ಕ್ಯೂ. ಸ್ಮೂತ್ ಸ್ಕ್ರೋಲ್ (ಸಾಲುಗಳು ನಿಧಾನವಾಗಿ ಮೇಲೆ ಜಾರುವುದು) ಇಟ್ಟಿದ್ದರೆ ಇದು ಪದೇಪದೇ ಆಗುತ್ತದೆ, ಮತ್ತು ನಿಮ್ಮ ಜನ ಸ್ಮೂತ್ ಸ್ಕ್ರೋಲ್ ಇಟ್ಟೇ ಇರುತ್ತಾರೆ. ಸಾಮಾನ್ಯವಾಗಿ ಲಿನಕ್ಸ್ ಕರ್ನಲ್ ಈ ಸಂಕೇತ ನೋಡಿದ ಕೂಡಲೇ ಕಳಿಸುವುದನ್ನು ನಿಲ್ಲಿಸುತ್ತದೆ. ಆದರೆ ಎಸ್‌ಎಸ್‌ಎಚ್ ಶುರುವಾದಾಗ ಲೈನನ್ನು ರಾ ಮೋಡ್‌ಗೆ ಹಾಕುತ್ತದೆ, ಕರ್ನಲ್‌ನ ಈ ಕೆಲಸವನ್ನು ಕಿತ್ತುಕೊಳ್ಳುತ್ತದೆ. "ತಡಿ" ಅನ್ನುವ ಕೂಗು ನೆಟ್‌ವರ್ಕ್ ದಾಟಿ ಸರ್ವರ್ ಮುಟ್ಟುವಷ್ಟರಲ್ಲಿ ದಾರಿಯಲ್ಲಿದ್ದ ಅಕ್ಷರಗಳೆಲ್ಲ ಟರ್ಮಿನಲ್ ಮೇಲೆ ಬಿದ್ದು ಚೆಲ್ಲಿಹೋಗಿರುತ್ತವೆ.

ಮದ್ದು: ಪೆಟ್ಟಿಗೆಯಲ್ಲಿ ಮೊದಲು ಗ್ನೂ ಸ್ಕ್ರೀನ್ (ಟರ್ಮಿನಲ್‌ಗೂ ಪ್ರೋಗ್ರಾಂಗೂ ಮಧ್ಯೆ ಕೂರುವ ಸಾಫ್ಟ್‌ವೇರ್) ಓಡಿಸಿ, ಅದರಲ್ಲಿ ಫ್ಲೋ ಆನ್ ಮಾಡಿ, ಎಸ್‌ಎಸ್‌ಎಚ್ ಅದರ ಒಳಗೆ ಓಡಲಿ. ಆಗ ಟರ್ಮಿನಲ್ ಲೈನು ಸ್ಕ್ರೀನ್ ಕೈಯಲ್ಲಿರುತ್ತದೆ, "ತಡಿ" ಅಂದ ತಕ್ಷಣ ಅಲ್ಲೇ ನಿಲ್ಲುತ್ತದೆ. ಇದೇ ಥರದ ಟಿಮಕ್ಸ್ ಚೆನ್ನಾಗಿದೆ, ನಾನೂ ದಿನಾ ಬಳಸುತ್ತೇನೆ, ಆದರೆ ಅದೂ ಎಸ್‌ಎಸ್‌ಎಚ್ ಥರವೇ ಈ ಕೆಲಸ ಕಿತ್ತುಕೊಳ್ಳುತ್ತದೆ. ಇಲ್ಲಿ ಬೇಡ. ಸ್ಕ್ರೀನ್‌ಗೆ ಅಪ್ಪಣೆ ಕೊಡುವ ಕಂಟ್ರೋಲ್-ಎ ನಿಮ್ಮ ಸಾಫ್ಟ್‌ವೇರ್‌ಗೆ ಅಡ್ಡ ಬಂದರೆ ಬೇರೆ ಕೀ ಕೊಡಿ. ಸೇವ್ ಮಾಡುವ ಅಭ್ಯಾಸದಲ್ಲಿ ಕಂಟ್ರೋಲ್-ಎಸ್ ಒತ್ತಿ "ಹ್ಯಾಂಗ್ ಆಯ್ತು" ಅನ್ನುವವರು ಬಂದೇ ಬರುತ್ತಾರೆ. ಪ್ರತಿ ಟರ್ಮಿನಲ್ ಮೇಲೆ "ಕಂಟ್ರೋಲ್-ಕ್ಯೂ ಒತ್ತಿ" ಅಂತ ಚೀಟಿ ಅಂಟಿಸಿಬಿಡಿ.

ಸ್ಕ್ರೀನ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಒಮ್ಮೆ ವಿಟಿ420ಯಲ್ಲಿ ಕನ್ನಡ ಹೆಸರಿನ ಫೈಲುಗಳಿದ್ದ ಫೋಲ್ಡರಿನ ಪಟ್ಟಿ ತೆಗೆದೆ. ಕಸ ಬರುತ್ತದೆ ಅಂತ ಗೊತ್ತಿತ್ತು. ಆದರೆ ಕೆಲವು ಹೆಸರು ಅರ್ಧಕ್ಕೇ ನಿಂತವು, ಕರ್ಸರ್ ಎಲ್ಲೆಲ್ಲೋ ಹಾರಿತು. ಈಗ ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಕ್ರಮ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್. ವಿಟಿ420ಗೆ ಬೈಟ್ ಮಾತ್ರ ಗೊತ್ತು. ಹೆಕ್ಸ್‌ನಲ್ಲಿ 80ರಿಂದ 9ಎಫ್ ತನಕದ ಬೈಟ್‌ಗಳು ಅದಕ್ಕೆ ಅಕ್ಷರವೇ ಅಲ್ಲ, ಅಪ್ಪಣೆ. 'ಐ'ನ ಕೊನೆಯ ಬೈಟ್ 90. ಅದರ ಅರ್ಥ "ಇನ್ನು ಮುಂದೆ ಬರುವುದು ಪರದೆಗಲ್ಲ, ಯಂತ್ರಕ್ಕೆ". ಟರ್ಮಿನಲ್ ಅಲ್ಲಿಂದ ನುಂಗಲು ಶುರುಮಾಡುತ್ತದೆ. 'ಛ'ದ ಕೊನೆಯ ಬೈಟ್ 9ಬಿ, ಕರ್ಸರ್ ಎಲ್ಲಿಗೆ ಹೋಗಬೇಕು ಎಂಬಂಥ ಅಪ್ಪಣೆಗಳ ಮೊದಲ ಬೈಟ್ ಅದೇ. ನುಂಗುವುದನ್ನು ನಿಲ್ಲಿಸು ಅನ್ನುವ ಅಧಿಕೃತ ಬೈಟ್ 9ಸಿ. ಅದು ಯಾವ ಅಕ್ಷರದ ಕೊನೆ ಗೊತ್ತಾ? 'ಜ'. ಐ ಅಂದರೆ ಬಾಯಿ ತೆರೆಯುತ್ತದೆ, ಜ ಅಂದರೆ ಮುಚ್ಚುತ್ತದೆ. ಇದು ಗೊತ್ತಾದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ.

ಸ್ಕ್ರೀನ್‌ಗೆ ಒಳಗಿನ ಎನ್‌ಕೋಡಿಂಗ್ ಯುಟಿಎಫ್-8, ಹೊರಗಿನದು ಐಎಸ್‌ಒ 8859-1 (ಒಂದು ಅಕ್ಷರಕ್ಕೆ ಒಂದೇ ಬೈಟ್ ಇರುವ ಹಳೆಯ ಕ್ರಮ) ಅಂತ ಹೇಳಿದರೆ ತೋರಿಸಲಾಗದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಅಷ್ಟೇ. ಕನ್ನಡ ಹೇಗೂ ಕಾಣುವುದಿಲ್ಲ, ಪರದೆಯಾದರೂ ಕೆಡುವುದಿಲ್ಲ. ಇನ್ನೊಂದು ಅನುಕೂಲ: ಸರ್ವರಿಗೆ ಕಾಣುವ ಟರ್ಮ್ ಹೆಸರು ಬರೀ 'ಸ್ಕ್ರೀನ್'. ವೈಸ್‌ನ ವಿವರವನ್ನು ಸರ್ವರಿನಲ್ಲಿ ಹಾಕಿಸಿಕೊಳ್ಳಲು ಯಾರ ಹತ್ತಿರವೂ ಬೇಡಬೇಕಿಲ್ಲ.

ಮರೆಯಬಾರದ ಒಂದು ಮಾತು. ಮೂರೇ ತಂತಿಯ ಕೇಬಲ್ ಹಾಕಿದರೆ ಟರ್ಮಿನಲ್ ಆಫ್ ಮಾಡಿದ್ದು ಲಿನಕ್ಸಿಗೆ ಗೊತ್ತೇ ಆಗುವುದಿಲ್ಲ. ಒಬ್ಬರು ಆಫ್ ಮಾಡಿ ಮನೆಗೆ ಹೋದರೆ, ಮರುದಿನ ಆನ್ ಮಾಡಿದವರು ಅವರ ಲಾಗಿನ್ನಿನಲ್ಲೇ ಕೂರುತ್ತಾರೆ. ಸ್ಟಾಕ್ ಎಂಟ್ರಿಯಲ್ಲಿ ಇದು ಜಗಳಕ್ಕೆ ದಾರಿ. ಟರ್ಮಿನಲ್‌ನಿಂದ "ನಾನು ಆನ್ ಇದ್ದೇನೆ" ಅನ್ನುವ ಡಿಟಿಆರ್ ತಂತಿ (ವೈಸ್‌ನಲ್ಲಿ ಪಿನ್ 20) ಅದನ್ನು ಗಮನಿಸುವ ಅಡಾಪ್ಟರಿನ ಡಿಸಿಡಿಗೆ, ಅಂದರೆ 9 ಪಿನ್ನಿನಲ್ಲಿ 1ಕ್ಕೆ, ತಲುಪಲಿ. ಗೆಟ್ಟಿಗೆ ಲೋಕಲ್ ಲೈನ್ ಆಯ್ಕೆ ಕೊಡಬೇಡಿ, ಕೊಟ್ಟರೆ ಅದು ಈ ತಂತಿಯನ್ನು ನೋಡುವುದೇ ಇಲ್ಲ. ಸ್ಕ್ರೀನ್‌ನಲ್ಲಿ ಆಟೋಡಿಟ್ಯಾಚ್ ಆಫ್ ಮಾಡಿ, ಇಲ್ಲದಿದ್ದರೆ ಲೈನ್ ಕಡಿದರೂ ಸೆಷನ್ ಹಿಂದೆ ಜೀವಂತವಾಗಿ ಉಳಿಯುತ್ತದೆ.

ಇನ್ನು ನಿಮ್ಮ ಡೆಕ್‌ಸರ್ವರ್. ಹಿಂದಿನ ಮಾಡೆಲ್ ನಂಬರ್ ನೋಡಿ. 200 ಆದರೆ ಅದಕ್ಕೆ ಬರುವುದು ಡೆಕ್‌ನ ಲ್ಯಾಟ್ ಪ್ರೋಟೊಕಾಲ್ ಮಾತ್ರ. ಲ್ಯಾಟ್‌ಗೆ ಐಪಿ ಥರದ ವಿಳಾಸವೇ ಇಲ್ಲ, ರೌಟರ್ ದಾಟುವುದಿಲ್ಲ. ನಿಮ್ಮ ವರ್ಚುವಲ್ ಮಶೀನ್ ಬೇರೆ ವಿಎಲ್‌ಎಎನ್‌ನಲ್ಲಿದ್ದರೆ (ಸ್ವಿಚ್‌ನಲ್ಲೇ ಬೇರ್ಪಡಿಸಿದ ನೆಟ್‌ವರ್ಕ್) ಅಲ್ಲಿಗೆ ಮುಗಿಯಿತು. 90ಟಿಎಲ್ ಅಥವಾ 700 ಆದರೆ ಟೆಲ್ನೆಟ್ ಬರುತ್ತದೆ. ಆದರೂ ಈ ಡಬ್ಬಗಳಲ್ಲಿ ಬಹಳಷ್ಟು ಕರೆಂಟ್ ಹಾಕಿದಾಗಲೆಲ್ಲ ತಮ್ಮ ಸಾಫ್ಟ್‌ವೇರನ್ನು ನೆಟ್‌ವರ್ಕ್‌ನಲ್ಲಿ ಹುಡುಕುತ್ತವೆ. ಕೊಡುತ್ತಿದ್ದ ಹಳೆಯ ಮಶೀನ್ ನಿಮ್ಮಲ್ಲಿ ಇನ್ನೂ ಓಡುತ್ತಿಲ್ಲವಾದರೆ ಡಬ್ಬ ಏಳುವುದೇ ಇಲ್ಲ. ಅದರ ಕೇಬಲ್‌ಗಳನ್ನು ಮಾತ್ರ ಎಸೆಯಬೇಡಿ, ನಿಮಗೆ ಬೇಕಾದ ಬಿಸಿ16ಇ ಅದರ ಹಿಂದೆಯೇ ನೇತಾಡುತ್ತಿರಬಹುದು.