ರಿಚ್‌ಮಂಡ್ ಹತ್ತಿರ ರೈಲು ಊರು? ಆಶ್‌ಲ್ಯಾಂಡ್ ನೋಡಿ

ರಿಚ್‌ಮಂಡ್‌ನ ಮಗನ ಮನೆಯಿಂದ ಒಂದೇ ದಿನದಲ್ಲಿ ನೋಡಿ ಬರುವಂಥ ಹಳೇ ರೈಲು ಊರು ಯಾವುದು ಅಂತ ಕೇಳಿದ್ದೀರಿ. ಅಮೆರಿಕದ ಅದೇ ವರ್ಜೀನಿಯಾ ರಾಜ್ಯದ ಆಶ್‌ಲ್ಯಾಂಡ್‌ಗೆ ಹೋಗಿ. ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ಅಷ್ಟೇ. ಅಲ್ಲಿ ಹಳಿ ಊರಿನ ಪಕ್ಕ ಹೋಗಲ್ಲ, ಬೀದಿಯ ನಟ್ಟನಡುವೆಯೇ ಹೋಗುತ್ತದೆ! ಎರಡೂ ಬದಿ ಕಾರು ರಸ್ತೆ, ಅದರಾಚೆ ಜಗಲಿಯಿರುವ ಹಳೇ ಮರದ ಮನೆಗಳು. ಗೂಡ್ಸ್ ಗಾಡಿ ಬಂದರೆ ಮಾತು ಅರ್ಧಕ್ಕೇ ನಿಲ್ಲಿಸಬೇಕು.

ಊರು ಹುಟ್ಟಿದ್ದೇ ರೈಲಿನಿಂದ. 1840ರ ದಶಕದಲ್ಲಿ ರೈಲು ಕಂಪನಿಯೇ ಇಲ್ಲಿ ಖನಿಜ ನೀರಿನ ಬುಗ್ಗೆ ತೋರಿಸಿ ರಿಚ್‌ಮಂಡ್ ಜನರಿಗೆ ವಿಹಾರದ ಜಾಗ ಮಾಡಿತು. ಟಿಕೆಟ್ ಮಾರುವ ಒಳ್ಳೇ ಉಪಾಯ, ಅಲ್ವಾ? 1858ರಲ್ಲಿ ಪಟ್ಟಣವಾಯಿತು. ಹೆಸರು ಅಮೆರಿಕದ ಹಳೇ ರಾಜಕಾರಣಿ ಹೆನ್ರಿ ಕ್ಲೇ ಅವರ ಕೆಂಟಕಿ ರಾಜ್ಯದ ಎಸ್ಟೇಟಿನದು. ಅವರು ಹುಟ್ಟಿದ್ದು ಈ ಊರಿರುವ ಹ್ಯಾನೋವರ್ ಕೌಂಟಿಯಲ್ಲೇ (ಜಿಲ್ಲೆಯಂಥದ್ದು).

ಅಮೆರಿಕದ ಪ್ರಯಾಣಿಕರ ರೈಲು ಆಮ್‌ಟ್ರ್ಯಾಕ್ ಇಲ್ಲಿ ಈಗಲೂ ನಿಲ್ಲುತ್ತದೆ. ಕಾರು ಬಿಟ್ಟು ಅದರಲ್ಲೇ ಹೋಗಿ. ವಾಪಸ್ ರೈಲಿನ ಟೈಮ್ ಮಾತ್ರ ಮೊದಲೇ ನೋಡಿಕೊಳ್ಳಿ.